ಪ್ಯಾರಿಸ್ ನಗರದ ನೌಕಾಲಾಂಛನ

ಲಾಂಛನವೆಂದೊಡನೆ ನಮಗೆ ಸಾಮಾನ್ಯವಾಗಿ ರಾಜವಂಶದ ಮುದ್ರಿಕೆಯೇ ನೆನಪಿಗೆ ಬರುವುದು. ಆದರೆ ಯೂರೋಪಿನ ನಗರಲಾಂಛನಗಳಲ್ಲಿ ಕೆಲವು ಅರಸರಿಂದಲ್ಲದೆ ಪೌರರಿಂದಲೇ ಹುಟ್ಟಿದವು. ಪ್ಯಾರಿಸ್ ನಗರದ ಲಾಂಛನವು ಈ ಬಗೆಯದು. ಕೆಂಪು ಫಲಕದಲ್ಲಿ ಬೆಳ್ಳಿಯ ಅಲೆಗಳ ಮೇಲೆ ತೇಲುವ ಬೆಳ್ಳಿಯ ಹಡಗು. ಮೇಲ್ಭಾಗದ ನೀಲಿಪಟ್ಟಿಯ ತುಂಬ ಚಿನ್ನದ ಲಿಲಿ ಹೂಗಳು. ಜೊತೆಗೆ, ‘ಅಲೆಗಳು ತೂಗಿದರೂ ಮುಳುಗದು’ ಎಂಬರ್ಥದ ಲ್ಯಾಟಿನ್ ಧ್ಯೇಯವಾಕ್ಯ. ಕಡಲಿನಿಂದ ಬಹುದೂರದಲ್ಲಿರುವ ನಗರಕ್ಕೆ ಹಡಗೇಕೆ ಎಂಬುದು ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಮೂರು ಸಮಾಧಾನಗಳು ಪ್ರಚಾರದಲ್ಲಿವೆ. ಸೇನ್ ನದಿಯ ನಡುವಣ ‘ಸಿತೆ’ ದ್ವೀಪವು ಹಡಗಿನ ಆಕಾರದಲ್ಲಿರುವುದೇ ಕಾರಣವೆಂಬುದು ಮೊದಲನೆಯದು. ನಾವಿಕರ ರಕ್ಷಕಿಯಾದ ಐಸಿಸ್ ದೇವಿಯಿಂದ ನಗರಕ್ಕೆ ಹೆಸರೂ ಹಡಗೂ ಬಂದವೆಂಬುದು ಎರಡನೆಯದು. ನದೀವ್ಯಾಪಾರದ ವರ್ತಕಸಂಘದ ಮುದ್ರೆಯೇ ನಗರದ ಮುದ್ರೆಯಾಯಿತೆಂಬುದು ಮೂರನೆಯದು.

ಮೊದಲನೆಯದು ಕಣ್ಣಿಗೆ ಹಿತವಾದ ಸಾದೃಶ್ಯವೇ ಹೊರತು ಪ್ರಮಾಣವಲ್ಲ. ಎರಡನೆಯದು ಶಬ್ದಸಾಮ್ಯದಿಂದ ಹುಟ್ಟಿದ ಭ್ರಾಂತಿ. ನಗರದ ಹೆಸರು ಬಂದುದು ಪರೀಸಿ ಎಂಬ ಗಾಲ್ ಜನಾಂಗದಿಂದ. ಆದರೂ 1811ರಲ್ಲಿ ನೆಪೋಲಿಯನ್ನನು ನಗರಕ್ಕೆ ಕೊಟ್ಟ ಲಾಂಛನದಲ್ಲಿ ಹಡಗಿನ ಮುಂಭಾಗದಲ್ಲಿ ಐಸಿಸ್ ದೇವಿಯನ್ನು ಕೂರಿಸಲಾಯಿತು. ತಪ್ಪು ವ್ಯುತ್ಪತ್ತಿಯೊಂದು ಹೀಗೆ ರಾಜಾಜ್ಞೆಯ ಬಲದಿಂದ ಚಿತ್ರವಾಗಿ ನಿಂತಿತು.

ಮೂರನೆಯ ಪಕ್ಷಕ್ಕೆ ಲಿಖಿತ ಆಧಾರವುಂಟು. ‘ನೀರಿನ ವರ್ತಕರು’ ಎನಿಸಿಕೊಂಡ ಸಂಘದ ಹಕ್ಕುಗಳನ್ನು ಏಳನೆಯ ಲೂಯಿ ದೊರೆಯು ಸುಮಾರು 1170ರಲ್ಲಿ ಸ್ಥಿರಪಡಿಸಿದನು. ನದಿಯ ನಿಯತ ಭಾಗದಲ್ಲಿ ಪರಸ್ಥಳದ ವರ್ತಕನು ಈ ಸಂಘದವನೊಬ್ಬನನ್ನು ಪಾಲುಗಾರನನ್ನಾಗಿ ಮಾಡಿಕೊಳ್ಳದೆ ಸರಕನ್ನು ತರುವಂತಿರಲಿಲ್ಲ. 13ನೆಯ ಶತಮಾನದ ಆರಂಭದ ಸಂಘಮುದ್ರೆಯಲ್ಲಿ ದೋಣಿಯೂ ‘ಪ್ಯಾರಿಸಿನ ನೀರಿನ ವರ್ತಕರ ಮುದ್ರೆ’ ಎಂಬರ್ಥದ ಬರಹವೂ ಇವೆ. ವರ್ತಕರ ಮುಖ್ಯಸ್ಥನೇ ಮುಂದೆ ನಗರಾಡಳಿತದ ಮುಖ್ಯಸ್ಥನಾದುದರಿಂದ ಅವನ ಮುದ್ರೆಯು ನಗರದ್ದಾಯಿತು. 1711ರಲ್ಲಿ ನೋತ್ರ್ ದಾಮ್ ದೇವಾಲಯದ ಅಡಿಯಲ್ಲಿ ದೊರೆತ, ತಿಬೇರಿಯಸ್ ಚಕ್ರವರ್ತಿಯ ಕಾಲದ ನಾವಿಕರ ಸ್ತಂಭವು ಈ ವೃತ್ತಿಯ ಪ್ರಾಚೀನತೆಯನ್ನು ತೋರಿಸುವುದು ನಿಜ. ಆದರೆ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿರುವುದರಿಂದ ಅದನ್ನೇ ಲಾಂಛನದ ಮೂಲವೆನ್ನುವುದು ಯುಕ್ತವಲ್ಲ.

ಇನ್ನು ಹಡಗಿನ ಮೇಲಣ ಪಟ್ಟಿಯನ್ನು ನೋಡಬೇಕು. ಲಿಲಿ ಹೂವು ಫ್ರಾನ್ಸಿನ ಅರಸರ ಚಿಹ್ನೆ. 14ನೆಯ ಶತಮಾನದಲ್ಲಿ ಅದು ವರ್ತಕರ ಹಡಗಿನ ಮೇಲೆ ಬಂದು ನೆಲೆಸಿತು. ಅದೇ ಶತಮಾನದಲ್ಲಿ, 1358ರಲ್ಲಿ, ವರ್ತಕರ ಮುಖ್ಯಸ್ಥ ಎತಿಯೆನ್ ಮಾರ್ಸೆಲನು ರಾಜಪ್ರತಿನಿಧಿಯನ್ನು ಎದುರಿಸಿ ಹತನಾದುದನ್ನು ನೆನೆದರೆ, ಪೌರರ ಚಿಹ್ನೆಯ ತಲೆಯ ಮೇಲೆ ರಾಜಚಿಹ್ನೆಯಿರುವುದು ಬರಿಯ ಅಲಂಕಾರವಾಗಿ ತೋರದು. 1790ರಲ್ಲಿ ಕ್ರಾಂತಿಯು ಲಾಂಛನಗಳನ್ನೇ ರದ್ದುಮಾಡಿತು. 1811ರಲ್ಲಿ ಲಿಲಿಯ ಸ್ಥಾನಕ್ಕೆ ನೆಪೋಲಿಯನ್ನನ ಜೇನುನೊಣಗಳು ಬಂದವು. 1817ರಲ್ಲಿ ಹದಿನೆಂಟನೆಯ ಲೂಯಿಯು ಲಿಲಿಯನ್ನು ಮರಳಿ ತಂದನು. ಪ್ರಭುತ್ವ ಬದಲಾದಂತೆ ಪಟ್ಟಿಯು ಬದಲಾಯಿತು. ಹಡಗು ಮಾತ್ರ ಮತ್ತೆ ಮತ್ತೆ ತನ್ನ ಸ್ಥಾನಕ್ಕೆ ಬಂದಿತು.

ಹಡಗಿನ ಅರ್ಥವಾದರೋ ಸ್ಥಿರವಾಗಿ ಉಳಿಯಲಿಲ್ಲ. ಹಳೆಯ ಮುದ್ರೆಯ ನದಿಯ ದೋಣಿಯು ಕ್ರಮೇಣ ಹಾಯಿ ಬಿಚ್ಚಿದ ಕಡಲ ಹಡಗಾಯಿತು. 16ನೆಯ ಶತಮಾನದಿಂದ ಬಳಕೆಯಲ್ಲಿದ್ದ ಧ್ಯೇಯವಾಕ್ಯವನ್ನು 1853ರಲ್ಲಿ ಓಸ್ಮಾನನು ಅಧಿಕೃತಗೊಳಿಸಿದನು. ವ್ಯಾಪಾರದ ಹಕ್ಕನ್ನು ಸಾರುತ್ತಿದ್ದ ಚಿತ್ರವು ಸಂಕಟವನ್ನು ಸಹಿಸುವ ಧೃತಿಯ ಸಂಕೇತವಾಯಿತು. 2015ರ ನವೆಂಬರಿನ ಹತ್ಯಾಕಾಂಡದ ತರುವಾಯ ಪೌರರು ಈ ವಾಕ್ಯವನ್ನು ಬೀದಿಗಳಲ್ಲಿ ಬರೆದಾಗ ಅವರ ಮನಸ್ಸಿನಲ್ಲಿ ಇದ್ದುದು ಸರಕಿನ ದೋಣಿಯಲ್ಲ.

ಹಾಗೆಂದು ಈ ಹೊಸ ಅರ್ಥವು ಸುಳ್ಳೆನ್ನಲಾಗದು. ಬಳಸುವವರು ಕೊಟ್ಟ ಅರ್ಥವೂ ಸಂಕೇತದ ಚರಿತ್ರೆಯ ಭಾಗವೇ. ಅದನ್ನು ಮೂಲದ ಮೇಲೆ ಹೇರುವುದು ಮಾತ್ರ ದೋಷ. ಕಾವ್ಯದ ಪ್ರತಿಮೆಗಳನ್ನು ಬೋಧಿಸುವವರಿಗೂ ಈ ವಿವೇಕವು ಅವಶ್ಯಕ: ವಾಚ್ಯಾರ್ಥವನ್ನು ಅದರ ಕಾಲದಲ್ಲಿ ನಿರ್ಣಯಿಸಿದ ಬಳಿಕವೇ ಧ್ವನಿಯು ಬೆಳೆದ ದಾರಿಯನ್ನು ಹಿಡಿಯಬೇಕು. ಹಾಗೆ ಮಾಡದಿದ್ದರೆ ನಾವೂ ಹಡಗಿನ ಮುಂದೆ ಇಲ್ಲದ ದೇವಿಯನ್ನು ಕೂರಿಸಿದಂತಾಗುವುದು.