ಸೋಲಿನ ಕಾರಣಮೀಮಾಂಸೆ

ಕಲಘಟಗಿ ತಾಲೂಕಿನ ದೇವಿಕೊಪ್ಪದ ಸೀಮೆಯಲ್ಲಿ ಜಾತ್ರೆಯ ಕುಸ್ತಿ ಮುಗಿದ ಬಳಿಕ, ಸೋತ ಪೈಲ್ವಾನನು ಮೈಗಂಟಿದ ಕೆಮ್ಮಣ್ಣನ್ನು ಒರೆಸಿಕೊಳ್ಳುತ್ತ ಆಡುವ ಮಾತುಗಳು ಬಹುಮಟ್ಟಿಗೆ ಪರಿಚಿತವಾದವು: “ದಮ್ಮ ಸಾಲಲಿಲ್ಲ”, “ಪಟ್ಟ ತಪ್ಪಿತು”, “ಪಂಚರು ಸರಿಯಾಗಿ ನೋಡಲಿಲ್ಲ”, “ಹಣೇಬರಹ”. ಗೆದ್ದವನಾದರೋ ತೋಳ್ಬಲವನ್ನೂ ಉಸ್ತಾದನ ಕೃಪೆಯನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾನೆ. ಕಾರಣ ಹೇಳಿಕೊಳ್ಳುವ ಈ ಮನುಷ್ಯಸ್ವಭಾವವನ್ನು 1958ರ ತನ್ನ ಗ್ರಂಥದಲ್ಲಿ ಮನೋವಿಜ್ಞಾನಿ ಫ್ರಿಟ್ಸ್ ಹೈಡರನು ಶಾಸ್ತ್ರವಿಚಾರಕ್ಕೆ ತಂದನು. ಬರ್ನಾರ್ಡ್ ವೈನರನು ಮುಂದುವರಿದು, ಕಾರಣವು ನಮ್ಮೊಳಗಿನದೋ ಹೊರಗಿನದೋ, ಸ್ಥಿರವೋ ಚಂಚಲವೋ, ನಮ್ಮ ಅಂಕೆಗೆ ಒಳಪಟ್ಟದ್ದೋ ಅಲ್ಲವೋ ಎಂಬ ಪ್ರಶ್ನೆಗಳಿಂದ ಅದನ್ನು ಅಳೆಯುವ ಕ್ರಮವನ್ನು ಕೊಟ್ಟನು. ಕ್ರೀಡಾಮನೋವಿಜ್ಞಾನವು ಈ ಅಳತೆಗೋಲನ್ನೇ ಎತ್ತಿಕೊಂಡಿತು.

ಈ ಅಳತೆಗೋಲಿನ ಗುಣ ಸಾಮಾನ್ಯವಾದುದಲ್ಲ. ದಮ್ಮು ಸಾಲದೆಂದವನಿಗೆ ಮರುದಿನದ ಸಾಮಿನಲ್ಲಿ ಕೆಲಸವಿದೆ. ಹಣೇಬರಹವೆಂದವನಿಗೆ ಸಮಾಧಾನವುಂಟು, ಕೆಲಸವಿಲ್ಲ. ತನ್ನ ಮೈಕಟ್ಟೇ ಕುಸ್ತಿಗೆ ಒದಗುವಂಥದಲ್ಲವೆಂದು ನಂಬಿದವನು ಗರಡಿಯ ಬಾಗಿಲನ್ನೇ ಮರೆಯುತ್ತಾನೆ.

ಆದರೆ ಯಾವ ಕಾರಣ ಹಿತಕರವೆಂದು ಕೇಳುವ ಭರದಲ್ಲಿ ಯಾವುದು ಸತ್ಯವೆಂಬ ಪ್ರಶ್ನೆಯನ್ನು ಈ ಶಾಸ್ತ್ರದ ಅನುಯಾಯಿಗಳು ಹಿಂದಿಕ್ಕುತ್ತಾರೆಂಬುದು ನನ್ನ ಮುಖ್ಯವಾದ ಆಕ್ಷೇಪ. ಎದುರಾಳಿಯನ್ನು ಚಿತ್ ಮಾಡುವವರೆಗೆ ಸೆಣಸುವ ನಿಕಾಲಿ ಕುಸ್ತಿಯಲ್ಲಿ, ಮಣ್ಣಿನ ಮೇಲೆ ಪಳಗಿದ ಹುಡುಗನು, ಮೂರು ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ ಅಂಕ ಎಣಿಸುವ ಮ್ಯಾಟಿನ ಮೇಲೆ ಸೋತು, “ನಮ್ಮೂರಾಗ ಮ್ಯಾಟ ಇಲ್ಲರೀ” ಎಂದರೆ, ಅದು ನೆಪವಲ್ಲ, ನಿಜ. ಇನ್ನಷ್ಟು ಶ್ರಮಿಸೆಂದು ಅವನಿಗೆ ಉಪದೇಶಿಸುವುದು, ವ್ಯವಸ್ಥೆಯ ಲೋಪವನ್ನು ಅವನ ತಲೆಗೆ ಕಟ್ಟುವ ಅನ್ಯಾಯವಾಗುತ್ತದೆ.

ಹೊರಗಿನ ಕಾರಣವನ್ನು ಹೇಳಿದವನು ಕುಗ್ಗಲೇಬೇಕೆಂಬ ನಿಯಮವೂ ಇಲ್ಲ. 2008ರ ಜನವರಿಯಲ್ಲಿ ಸಿಡ್ನಿಯ ಕ್ರಿಕೆಟ್ ಟೆಸ್ಟನ್ನು ಭಾರತ ಆಸ್ಟ್ರೇಲಿಯಕ್ಕೆ ಸೋತಾಗ ನಾಯಕನಾಗಿದ್ದವರು ನಮ್ಮ ಅನಿಲ್ ಕುಂಬ್ಳೆ. ಮೂವತ್ತು ಓಟಗಳಲ್ಲಿದ್ದಾಗ ಚೆಂಡು ಬ್ಯಾಟಿಗೆ ತಾಗಿ ಕ್ಯಾಚಾಗಿದ್ದರೂ ಔಟೆನಿಸಿಕೊಳ್ಳದ ಆಸ್ಟ್ರೇಲಿಯದ ಆಂಡ್ರ್ಯೂ ಸೈಮಂಡ್ಸ್ ಅಜೇಯ 162 ಹೊಡೆದಿದ್ದರು. ಮುಂದಿನ ಪಂದ್ಯಕ್ಕೆ ಅಂಪೈರ್ ಸ್ಟೀವ್ ಬಕ್ನರರನ್ನೇ ಬದಲಿಸಲಾಯಿತು. ಎದುರಾಳಿಗಳ ಕ್ರೀಡಾಮನೋಧರ್ಮವನ್ನು ಕುಂಬ್ಳೆಯವರು ಬಹಿರಂಗವಾಗಿ ಪ್ರಶ್ನಿಸಿದರು. ಆದರೆ ಆ ಆಕ್ಷೇಪವನ್ನು ಹಾಸಿ ಮಲಗಲಿಲ್ಲ. ಪರ್ತಿನ ಆ ಮುಂದಿನ ಪಂದ್ಯದಲ್ಲಿ ಅದೇ ಸೈಮಂಡ್ಸರನ್ನು, ಸ್ಲಿಪ್ಪಿನಲ್ಲಿ ದ್ರಾವಿಡರು ಹಿಡಿದ ಕ್ಯಾಚಿನಿಂದ, ತಮ್ಮ 600ನೆಯ ಟೆಸ್ಟ್ ಬಲಿಯಾಗಿಸಿಕೊಂಡರು. ಭಾರತ 72 ಓಟಗಳಿಂದ ಗೆದ್ದಿತು. ಅನ್ಯಾಯವನ್ನು ಅನ್ಯಾಯವೆಂದು ಹೇಳುವ ದಿಟ್ಟತನವೂ, ತನ್ನ ಪಾಲಿನ ಬೆವರನ್ನು ಸುರಿಸುವ ನಿಷ್ಠೆಯೂ ಒಬ್ಬನಲ್ಲೇ ಕೂಡಿ ಬಾಳಬಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ. ವೈನರನ ಆ ಪ್ರಶ್ನೆಗಳ ಕೋಷ್ಟಕದಲ್ಲಿ ಒಂದೊಂದು ಕಾರಣಕ್ಕೂ ಒಂದೊಂದು ಮನೆಯುಂಟು. ಹೊರಗಿನ ಕಾರಣವನ್ನೂ ತನ್ನ ಪಾಲಿನ ಹೊಣೆಯನ್ನೂ ಒಟ್ಟಿಗೆ ಹೊತ್ತ ಇಂಥ ಮನಸ್ಸಿಗೆ ಅಲ್ಲಿ ಎಡೆ ಸಾಲದು.

ಆದುದರಿಂದ ಉಸ್ತಾದರಲ್ಲಿಯೂ ವ್ಯಾಯಾಮಶಿಕ್ಷಕರಲ್ಲಿಯೂ ನನ್ನ ಬಿನ್ನಹವಿಷ್ಟೆ: ಸೋತ ಹುಡುಗನ ಮಾತನ್ನು ತಿದ್ದುವ ಮೊದಲು ಪೂರ್ತಿಯಾಗಿ ಕೇಳಿರಿ, ತಪ್ಪಿದ್ದು ಪಟ್ಟಾದರೆ ಪಟ್ಟನ್ನು ಕಲಿಸಿರಿ, ಇಲ್ಲದ್ದು ಮ್ಯಾಟಾದರೆ ಅವನ ಪರವಾಗಿ ನೀವೇ ಹೋಗಿ ಮ್ಯಾಟನ್ನು ಕೇಳಿರಿ.