ಕ್ಯಾಮೆರಾ ಹೊತ್ತವನ ನಗರದರ್ಶನ: ಅಟ್ಜೆಯ ಪ್ಯಾರಿಸ್

ಕ್ಯಾಮೆರಾವನ್ನು ಹಿಡಿದು ತನ್ನ ಊರಿನ ಬೀದಿಗಳಲ್ಲಿ ತಿರುಗುವವನ ಕಣ್ಣು ಹರಿತವಾಗುವುದೆಂದೂ, ನಿತ್ಯ ಕಂಡು ಮರೆತ ವಸ್ತುಗಳು ಅವನಿಗೆ ಮರಳಿ ಕಾಣತೊಡಗುವುವೆಂದೂ ಹೇಳುವುದು ವಾಡಿಕೆ. ಈ ಮಾತು ಸುಳ್ಳಲ್ಲ; ಆದರೆ ಅರ್ಧಮಾತು. ಯಂತ್ರವು ಕಣ್ಣಿಗಿಂತ ಮೊದಲು ಕಾಲನ್ನೂ ಹೊತ್ತನ್ನೂ ಮಾರ್ಪಡಿಸುವುದು. ಯಾವಾಗ ಏಳಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಕಾಯಬೇಕು ಎಂಬುದನ್ನು ಅದು ಗೊತ್ತುಮಾಡುವುದು. ಕೆಲವನ್ನು ಕಾಣಿಸುವಂತೆಯೇ ಕೆಲವನ್ನು ಮರೆಸುವುದೂ ಅದರ ಗುಣ. ಇದನ್ನು ಪರಿಶೀಲಿಸಲು ಯೂಜೆನ್ ಅಟ್ಜೆಯ (1857–1927) ಪ್ಯಾರಿಸ್ ಚಿತ್ರಗಳಿಗಿಂತ ತಕ್ಕ ಉದಾಹರಣೆ ನನಗೆ ತೋರದು.

ಅಟ್ಜೆಯು ಮೊದಲು ನಾವಿಕ, ಬಳಿಕ ನಟ. ಎರಡರಲ್ಲಿಯೂ ನೆಲೆ ಕಾಣದೆ ಛಾಯಾಗ್ರಹಣಕ್ಕೆ ಬಂದವನು. ತನ್ನ ಚಿತ್ರಗಳನ್ನು ಆತನು ಕಲೆಯೆಂದು ಮಾರಲಿಲ್ಲ, ಚಿತ್ರಕಾರರಿಗೆ ಬೇಕಾದ ದಾಖಲೆಗಳೆಂದು ಮಾರಿದನು. 19ನೆಯ ಶತಮಾನದ ಕೊನೆಯ ವರ್ಷಗಳಿಂದ ಹಳೆಯ ಪ್ಯಾರಿಸಿನ ಬೀದಿ, ಅಂಗಳ, ಅಂಗಡಿಯ ಫಲಕ, ಮೆಟ್ಟಿಲುಸಾಲು ಇವುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದನು. 1920ರಲ್ಲಿ ಇವುಗಳಲ್ಲಿ 2,600ಕ್ಕೂ ಮಿಕ್ಕ ನೆಗೆಟಿವುಗಳನ್ನು ಫ್ರೆಂಚ್ ಸರಕಾರವು ಕೊಂಡಿತು. ಆತನ ಉಪಕರಣಗಳು ಮರದ ಕ್ಯಾಮೆರಾ, ಮುಕ್ಕಾಲಿ, 18 ಸೆಂಟಿಮೀಟರ್ ಅಗಲ 24 ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳು. ಇಷ್ಟನ್ನೂ ಹೊತ್ತವನು ಕಂಡಕಂಡಲ್ಲಿ ನಿಲ್ಲಲಾರನು. ಹೊರೆ ಇಳಿಸುವ ಮೊದಲು ಈ ಸ್ಥಳವು ಅದಕ್ಕೆ ತಕ್ಕುದೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ವಿವೇಚನೆಯು ಹೆಗಲಿನಿಂದಲೂ ಹುಟ್ಟಬಹುದೆಂದರೆ ಪಂಡಿತರು ನಗಬೇಕಾಗಿಲ್ಲ.

ಈ ಚಿತ್ರಗಳಲ್ಲಿ ಜನರು ವಿರಳ. ವಾಲ್ಟರ್ ಬೆಂಜಮಿನ್ 1931ರಲ್ಲಿ ಛಾಯಾಗ್ರಹಣವನ್ನು ಕುರಿತು ಬರೆದ ಪ್ರಬಂಧದಲ್ಲಿ, ಇವನ್ನು ಅಪರಾಧ ನಡೆದ ಸ್ಥಳದ ಚಿತ್ರಗಳಿಗೆ ಹೋಲಿಸಿದುದು ಸಹಜವೆಂದನು. ಹೋಲಿಕೆಯು ಮನಸ್ಸನ್ನು ಹಿಡಿಯುವುದರಿಂದಲೇ ಅದನ್ನು ಎಚ್ಚರಿಕೆಯಿಂದ ಬಳಸಬೇಕು. ಅಟ್ಜೆಯು ಅನೇಕವೇಳೆ ಮುಂಜಾನೆಯೇ ಹೊರಡುತ್ತಿದ್ದನು. ಆತನ ಫಲಕಗಳಿಗೆ ಬೆಳಕು ದೀರ್ಘಕಾಲ ಬೇಕಾಗಿತ್ತು. ನಡೆದುಹೋದವನು ಮಂಜಿನ ಎಳೆಯಾಗಿ ಉಳಿದನು, ಇಲ್ಲವೆ ಪೂರ್ಣವಾಗಿ ಅಳಿಸಿಹೋದನು. ಡಾಗೇರನು 1838ರಲ್ಲಿ ತೆಗೆದ ಪ್ಯಾರಿಸ್ ಬೀದಿಯ ಚಿತ್ರದಲ್ಲಿ ಜನಸಂಚಾರವೆಲ್ಲ ಮಾಯವಾಗಿ, ಬೂಟಿಗೆ ಮೆರುಗು ಹಾಕಿಸಿಕೊಳ್ಳಲು ನಿಂತವನೊಬ್ಬನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿದುದನ್ನು ಇಲ್ಲಿ ನೆನೆಯಬಹುದು. ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು 1856ರಲ್ಲಿ ತೆಗೆದ ನಮ್ಮ ಹಂಪೆಯ ಚಿತ್ರಗಳೂ ನಿರ್ಜನವೇ. ಆದರೆ ಅಲ್ಲಿ ನಗರವೇ ಪಾಳಾಗಿತ್ತು. ಪ್ಯಾರಿಸಿನ ಶೂನ್ಯತೆ ಹೆಚ್ಚಾಗಿ ಯಂತ್ರದ್ದು. ಕಾಗದದ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣುವುವು. ವಿಮರ್ಶಕನು ಎಡವುವುದು ಇಲ್ಲಿಯೇ.

ಹಾಗೆಂದು ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದೂ ಸಲ್ಲದು. ಹಗುರವಾದ ಲೈಕಾ ಕ್ಯಾಮೆರಾ 1925ರಲ್ಲಿಯೇ ಮಾರಾಟಕ್ಕೆ ಬಂದಿದ್ದರೂ ಅಟ್ಜೆ ತನ್ನ ಹಳೆಯ ಕ್ರಮವನ್ನು ಬಿಡಲಿಲ್ಲ. ಒತ್ತಾಯವಾಗಿ ಬಂದುದು ಕ್ರಮೇಣ ಆಯ್ಕೆಯಾಯಿತು. ಮನುಷ್ಯರನ್ನು ಆತನು ದೂರವಿಟ್ಟವನೂ ಅಲ್ಲ. ಬೀದಿಯ ವಾದ್ಯಗಾರನನ್ನೂ ಚಿಂದಿ ಆಯುವವನನ್ನೂ ನಿಲ್ಲಿಸಿ ಚಿತ್ರ ತೆಗೆದಿರುವನು. 1912ರ ಏಪ್ರಿಲ್ 17ರ ಸೂರ್ಯಗ್ರಹಣದಂದು ಬಾಸ್ಟಿಲ್ ಚೌಕದಲ್ಲಿ ಒಂದು ಗುಂಪೇ ಆತನಿಗೆ ದೊರೆಯಿತು. ಎಲ್ಲರೂ ಕತ್ತೆತ್ತಿ ಆಕಾಶವನ್ನು ನೋಡುತ್ತ ಅಲುಗದೆ ನಿಂತಿರುವರು. ಎಲ್ಲರ ಕಣ್ಣೂ ಮೇಲಿರುವಾಗ, ನೋಡುವವರನ್ನೇ ನೋಡಿದವನು ಈ ಕ್ಯಾಮೆರಾ ಹೊತ್ತವನು. ಆತನ ಚಿತ್ರಗಳಲ್ಲಿ ನಾನು ಇದಕ್ಕೆ ಮೊದಲ ಸ್ಥಾನ ಕೊಡುವೆನು.

ಅದೇ ನಗರದಲ್ಲಿ 1932ರಲ್ಲಿ ಕಾರ್ತಿಯೇ-ಬ್ರೆಸೋನನು ಲೈಕಾ ಹಿಡಿದು, ಸ್ಯಾಂ ಲಾಜಾರ್ ರೈಲುನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುತ್ತಿದ್ದ ಒಬ್ಬನನ್ನು ಹಿಡಿದನು. ಅಟ್ಜೆಯ ಫಲಕದಲ್ಲಿ ಆ ಮನುಷ್ಯನು ಇರುತ್ತಲೇ ಇರಲಿಲ್ಲ. ಅಲ್ಲಿ ನೀರೂ ಬೇಲಿಯೂ ಉಳಿಯುತ್ತಿದ್ದುವು. ಒಂದೇ ಊರು ಹೊರೆಯ ಭಾರಕ್ಕೆ ತಕ್ಕಂತೆ ಎರಡಾಯಿತು. ಇವುಗಳಲ್ಲಿ ಯಾವುದು ನಿಜವಾದ ಪ್ಯಾರಿಸೆಂದು ಕೇಳುವುದರಿಂದ ಫಲವಿಲ್ಲ.

ಕೊನೆಗೆ 1908ರ ಒಂದು ಚಿತ್ರ. ಸೇನ್ ನದಿಯ ದಂಡೆಯಲ್ಲಿ ಡೋಲಿನ ಹೆಸರನ್ನು ಇಟ್ಟುಕೊಂಡ ಮದ್ಯದಂಗಡಿಯ ಬಾಗಿಲು. ಒಳಗಿನವರು ಗಾಜಿನ ಹಿಂದಿನಿಂದ ಹೊರಗೆ ನೋಡುತ್ತಿರುವರು. ಅದೇ ಗಾಜಿನಲ್ಲಿ ಮುಕ್ಕಾಲಿಯ ಮೇಲಿನ ಕ್ಯಾಮೆರಾದ ನೆರಳೂ, ಅದರ ಬಳಿ ನಿಂತವನ ಆಕಾರವೂ ಬಿದ್ದಿವೆ. ಅಂಗಡಿಯವರಿಗೆ ಆ ಬೆಳಗ್ಗೆ ತಮ್ಮ ಬೀದಿಯಲ್ಲಿ ಹೊಸದಾಗಿ ಕಂಡುದು ಅವನೊಬ್ಬನೇ.