ಭಗಂದರದ ಶಸ್ತ್ರಚಿಕಿತ್ಸೆ: ಸ್ನಾಯು ಉಳಿಸುವ ಲೆಕ್ಕ

ಭಗಂದರದ ಚಿಕಿತ್ಸೆಯನ್ನು ಗಾಯ ಮಾಯಿತೇ ಎಂಬ ಒಂದೇ ಅಳತೆಯಿಂದ ತೂಗುವುದು ರೋಗಿಗೆ ಮಾಡುವ ಅನ್ಯಾಯ. ಗುದದ ಒಳಗಿನ ಗ್ರಂಥಿಗೆ ಸೋಂಕು ತಗುಲಿ ಕುರುವಾಗುತ್ತದೆ. ಅದರ ಕೀವು ಹೊರಚರ್ಮದವರೆಗೆ ದಾರಿ ಕೊರೆದುಕೊಂಡರೆ ಅದೇ ಭಗಂದರ, ಅಂದರೆ ಫಿಸ್ಟುಲಾ. ಈ ದಾರಿ ಬಹುಪಾಲು ಮಲವನ್ನು ಹಿಡಿದಿಡುವ ಸ್ನಾಯುವನ್ನು ಹಾಯ್ದೇ ಹೋಗುತ್ತದೆ. ಅದನ್ನು ಅಳಿಸಲು ಹೋಗಿ ಸ್ನಾಯುವಿನ ಹಿಡಿತವನ್ನೇ ಕಳೆದುಕೊಂಡವರ ಬದುಕು ರೋಗಕ್ಕಿಂತ ಕಷ್ಟದ್ದು.

ಹಳೆಯ ಫಿಸ್ಟುಲಾಟಮಿಯಲ್ಲಿ ದಾರಿಯನ್ನು ಉದ್ದಕ್ಕೂ ಸೀಳಿ, ತಳದಿಂದ ಮೇಲಕ್ಕೆ ಮಾಯಲು ಬಿಡುತ್ತಾರೆ. ಸ್ನಾಯುವಿನ ಅಂಚನ್ನಷ್ಟೇ ಹಾಯುವ ಕೆಳಮಟ್ಟದ ಫಿಸ್ಟುಲಾಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇದರಿಂದಲೇ ಗುಣವಾಗುತ್ತಾರೆ. ಇಂಥವರಿಗೆ ದುಬಾರಿ ಯಂತ್ರದ ಅಗತ್ಯ ಬಹುಪಾಲು ಇಲ್ಲ. ಆದರೆ ದಾರಿ ಎತ್ತರದಲ್ಲಿದ್ದರೆ, ಹೆಂಗಸರಲ್ಲಿ ಮುಂಭಾಗದಲ್ಲಿದ್ದರೆ, ಜೊತೆಗೆ ಕರುಳಿನ ಉರಿಯೂತದ ಕ್ರೋನ್ಸ್ ರೋಗವಿದ್ದರೆ ಅದೇ ಕತ್ತಿ ಹಾನಿ ಮಾಡುತ್ತದೆ.

ನಮ್ಮ ಆಯುರ್ವೇದದ ಕ್ಷಾರಸೂತ್ರವನ್ನು ಅಭಿಮಾನ, ತಾತ್ಸಾರ ಎರಡನ್ನೂ ಬಿಟ್ಟು ನೋಡಬೇಕು. ನಾರಿನ ದಾರಕ್ಕೆ ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನಗಳ 21 ಲೇಪ ಕೊಟ್ಟು, ಫಿಸ್ಟುಲಾದೊಳಗೆ ಪೋಣಿಸಿ, ವಾರಕ್ಕೊಮ್ಮೆ ಬದಲಿಸುತ್ತಾರೆ. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಮರುಜೀವ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಹೋಲಿಕೆ ಪ್ರಯೋಗದಲ್ಲಿ ಕ್ಷಾರಸೂತ್ರದವರಲ್ಲಿ ಶೇ. 4, ಶಸ್ತ್ರಚಿಕಿತ್ಸೆಯವರಲ್ಲಿ ಶೇ. 11 ಮಂದಿಗೆ ರೋಗ ಮರುಕಳಿಸಿತ್ತು. ಮಾಯಲು ಮಾತ್ರ ನಾಲ್ಕು ವಾರದ ಬದಲು ಎಂಟು ವಾರ ಹಿಡಿಯಿತು. ದಿನಗೂಲಿಯವರಿಗೆ ಆ ಹೆಚ್ಚುವರಿ ವಾರಗಳು, ಪ್ರತಿ ಬದಲಾವಣೆಯ ನೋವು ಸಣ್ಣ ಮಾತಲ್ಲ. ಈ ದಾರವೂ ಸ್ನಾಯುವನ್ನು ಕೊಯ್ಯುತ್ತದೆ, ನಿಧಾನವಾಗಿ. ಹಾಗಾಗಿ ಎತ್ತರದ ಫಿಸ್ಟುಲಾದಲ್ಲಿ ಇದು ನಿರಪಾಯವೆಂದು ಭರವಸೆ ಕೊಡುವುದು ಸರಿಯಲ್ಲ.

2007ರಲ್ಲಿ ಬ್ಯಾಂಕಾಕಿನ ಅರುಣ್ ರೋಜನಸಕುಲ್ ಪ್ರಕಟಿಸಿದ ಲಿಫ್ಟ್ ವಿಧಾನ ನನಗೆ ಹೆಚ್ಚು ಮೆಚ್ಚುಗೆಯದು. ಎರಡು ಸ್ನಾಯುಪದರಗಳ ನಡುವೆ ಇಳಿದು, ಅಲ್ಲಿಯೇ ದಾರಿಯನ್ನು ಕಟ್ಟಿ ತುಂಡರಿಸುತ್ತಾರೆ; ಸ್ನಾಯುವಿಗೆ ಕತ್ತಿ ತಾಗುವುದಿಲ್ಲ. ಎಲ್ಲರಿಗೂ ಮಾಯದಿದ್ದರೂ, ಸೋತಾಗ ಮುಂದಿನ ಚಿಕಿತ್ಸೆಗೆ ಸ್ನಾಯು ಉಳಿದಿರುತ್ತದೆ. ಲೇಸರ್ ಕೂಡ ಸ್ನಾಯುವನ್ನು ಉಳಿಸುತ್ತದೆ. ಆದರೆ ಅದರಿಂದ ಮಾಯದೆ ಉಳಿಯುವವರು, ಮತ್ತೆ ಕೀವು ಕಾಣುವವರು ಕಡಿಮೆಯಿಲ್ಲ. ‘ನೋವಿಲ್ಲ, ಒಂದೇ ದಿನದಲ್ಲಿ ಮನೆಗೆ’ ಎನ್ನುವ ಜಾಹೀರಾತು ಈ ಮಾತನ್ನು ಮುಚ್ಚಿಡುವುದು ತಪ್ಪು. ಹೊಸತೆಲ್ಲ ಗೆಲ್ಲುವುದಿಲ್ಲ: ಕ್ರೋನ್ಸ್ ಫಿಸ್ಟುಲಾಕ್ಕೆಂದು ಬಂದ ಕಾಂಡಕೋಶದ ಔಷಧಿ ಡಾರ್ವಾಡ್‌ಸ್ಟ್ರೊಸೆಲ್, ಮುಂದಿನ ದೊಡ್ಡ ಪ್ರಯೋಗದಲ್ಲಿ ಫಲ ತೋರದೆ, 2024ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಜಟಿಲ ಅಥವಾ ಮರುಕಳಿಸಿದ ಫಿಸ್ಟುಲಾದಲ್ಲಿ ಎಂಆರ್‌ಐ ಮಾಡಿಸಿ ಕವಲುಗಳನ್ನು ಗುರುತಿಸುವುದು, ಕೀವಿದ್ದರೆ ಸಡಿಲ ಸೀಟನ್ ದಾರ ಹಾಕಿ ಹರಿಯಬಿಟ್ಟು ಕಾಯುವುದು, ಆಮೇಲೆ ವಿಧಾನ ಆರಿಸುವುದು: ಒಳ್ಳೆಯ ಚಿಕಿತ್ಸೆಯ ಕ್ರಮ ಇದು. ಎಷ್ಟು ಸ್ನಾಯು ಕತ್ತರಿಸುತ್ತೀರಿ, ಮರುಕಳಿಸಿದರೆ ಮುಂದೇನು ಎಂಬ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸುವ ವೈದ್ಯರನ್ನು ನಂಬಬಹುದು. ಅವನ್ನು ಕೇಳಲು ರೋಗಿಯೂ ನಾಚಬೇಕಿಲ್ಲ.